ಓದುವ ವಯಸ್ಸು, ದುಡಿಯುವ ಕೈ

ಪರೀಕ್ಷೆಗಳು ಮುಗಿದು ಮಕ್ಕಳಿಗೆ ಬಿಡುವು ದೊರೆತೊಡನೆ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ತಲೆಯೆತ್ತುತ್ತದೆ. ಹದಿನಾರು ತುಂಬಿದ ಮಗ, “ಪರಿಚಯದವರ ಅಂಗಡಿಗೆ ಎರಡು ತಿಂಗಳು ಕೆಲಸಕ್ಕೆ ಹೋಗಲೇ ಅಪ್ಪಾ?” ಎಂದು ಕೇಳುತ್ತಾನೆ. “ಹೋಗಲಿ ಬಿಡು, ನಾವೆಲ್ಲ ಆ ವಯಸ್ಸಿಗೆ ದುಡಿದವರೇ” ಎನ್ನುತ್ತಾರೆ ಅಜ್ಜ. “ಪಗಾರದ ರುಚಿ ಹತ್ತಿದ ಮೇಲೆ ಪುಸ್ತಕ ಮುಟ್ಟುತ್ತಾನೆಯೇ?” ಎನ್ನುತ್ತಾಳೆ ತಾಯಿ. ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಯಾರದೆಷ್ಟು ಎಂಬುದನ್ನು ತೂಗಿ ನೋಡುವುದೇ ಈ ಲೇಖನದ ಉದ್ದೇಶ.

ಹೊರನಾಡ ಕನ್ನಡಿಗರಿಗೆ ಇದು ಹೊಸ ಪ್ರಶ್ನೆಯೇನೂ ಅಲ್ಲ. ಕರಾವಳಿಯಿಂದ ಮುಂಬಯಿಗೆ ಬಂದ ಎಷ್ಟೋ ಹುಡುಗರು ಹಗಲಲ್ಲಿ ಹೋಟೆಲಿನ ಲೋಟ ತೊಳೆದು, ಮಾಣಿಗಳಾಗಿ ತಿಂಡಿ ಹಂಚಿ, ಸಂಜೆ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತವರು. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಈ ರಾತ್ರಿಶಾಲೆಗಳನ್ನು ನಡೆಸಿ ಮಾಡಿದ ಉಪಕಾರ ಸಣ್ಣದಲ್ಲ. ಹಗಲಿನ ದುಡಿಮೆ ಹೊಟ್ಟೆ ಹೊರೆಯಿತು. ಆದರೆ ಬ್ಯಾಂಕಿನ ಗುಮಾಸ್ತಿಕೆಗೋ ಕಚೇರಿಯ ಕುರ್ಚಿಗೋ ಕರೆದೊಯ್ದದ್ದು ರಾತ್ರಿಯ ಪಾಠ. ಇದನ್ನು ನಾವು ಮರೆಯಬಾರದು.

ಓದಿಲ್ಲದೆಯೂ ಮೇಲೆ ಬಂದವರಿಲ್ಲವೆ ಎಂದು ಕೇಳಬಹುದು. ಖಂಡಿತ ಇದ್ದಾರೆ. ಕಾರ್ಕಳದ ಜಯರಾಮ ಬನಾನ್ ಅವರು 1967ರಲ್ಲಿ ಎಳೆಯ ವಯಸ್ಸಿನಲ್ಲೇ ಮನೆಬಿಟ್ಟು ಬಂದು, ಪನವೇಲಿಯ ಕಡೆ ಕಾರ್ಖಾನೆಯ ಕ್ಯಾಂಟೀನೊಂದರಲ್ಲಿ ಪಾತ್ರೆ ತೊಳೆದು, 1986ರಲ್ಲಿ ದೆಹಲಿಯ ಡಿಫೆನ್ಸ್ ಕಾಲನಿಯಲ್ಲಿ ‘ಸಾಗರ್’ ಹೋಟೆಲನ್ನು ತೆರೆದರು. ಇಂಥವರ ಸಾಹಸಕ್ಕೆ ತಲೆಬಾಗಲೇಬೇಕು. ಆದರೆ ಗಲ್ಲದ ಮೇಲೆ ಕುಳಿತವನ ಚರಿತ್ರೆ ಎಲ್ಲರಿಗೂ ಗೊತ್ತು. ಪಾತ್ರೆ ತೊಳೆಯುತ್ತಲೇ ಮುದುಕನಾದವನ ಚರಿತ್ರೆಯನ್ನು ಯಾರೂ ಬರೆದಿಲ್ಲ. ಹತ್ತಾರು ಹೆಸರುಗಳನ್ನು ಹೇಳಿ ಸಾವಿರಾರು ಮಂದಿಯ ಲೆಕ್ಕ ಬಿಟ್ಟರೆ ಅದು ನ್ಯಾಯವಾದ ತೂಕವಾಗದು.

ದುಡಿಮೆಯೇ ವಿದ್ಯೆ ಕಲಿಸುತ್ತದೆಂಬ ಮಾತನ್ನೂ ಪರೀಕ್ಷಿಸಿ ನೋಡಿದವರಿದ್ದಾರೆ. ಕೋಲ್ಕತ್ತ ಮತ್ತು ದೆಹಲಿಯ ಸಂತೆಗಳಲ್ಲಿ ತರಕಾರಿ ಮೊದಲಾದುವನ್ನು ಮಾರುವ ಮಕ್ಕಳನ್ನು ಕುರಿತು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದ ವಿದ್ವಾಂಸರು ನಡೆಸಿದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಇಷ್ಟು ತೂಕಕ್ಕೆ ಇಷ್ಟು ಬೆಲೆ, ನೋಟಿಗೆ ಇಷ್ಟು ಚಿಲ್ಲರೆ ಎಂದು ಬಾಯಲ್ಲೇ ಲೆಕ್ಕ ಹೇಳುವ ಮಕ್ಕಳು, ಅಂಥದೇ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಕಾಗದದ ಮೇಲೆ ಕೊಟ್ಟಾಗ ತಡವರಿಸಿದರು. ಶಾಲೆಗೆ ಮಾತ್ರ ಹೋಗುವ ಮಕ್ಕಳಾದರೋ ಪುಸ್ತಕದ ಲೆಕ್ಕ ಬಿಡಿಸಿ ಸಂತೆಯ ಲೆಕ್ಕದಲ್ಲಿ ಸೋತರು. ಒಂದು ವಿದ್ಯೆ ತಾನಾಗಿ ಇನ್ನೊಂದಕ್ಕೆ ದಾಟುವುದಿಲ್ಲ. ನೌಕರಿಯ ಬಾಗಿಲಲ್ಲಿ ಕೇಳುವುದು ಕಾಗದದ ಲೆಕ್ಕವನ್ನೇ. ಒಳಗೆ ಹೋದ ಮೇಲೆ ಬೇಕಾಗುವುದು ಎರಡೂ.

ಹಾಗಾದರೆ ಓದುತ್ತ ಅಲ್ಪಸ್ವಲ್ಪ ದುಡಿದರೆ ಹೇಗೆ? ಅಮೆರಿಕದ ಮಿನೆಸೋಟ ಪ್ರಾಂತದ ಸೇಂಟ್ ಪಾಲ್ ನಗರದಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಜೀವನವನ್ನು 1988ರಿಂದ ಬಹುಕಾಲ ಗಮನಿಸುತ್ತ ಬಂದರು. ವಾರಕ್ಕೆ ಇಪ್ಪತ್ತು ತಾಸು ಮೀರದಂತೆ ಕ್ರಮವಾಗಿ ದುಡಿದವರು ಮುಂದೆ ಪದವಿಯನ್ನೂ ಪಡೆದು ನೆಲೆಗೊಂಡದ್ದು ಹೆಚ್ಚು. ಅದಕ್ಕಿಂತ ಬಹಳ ಹೊತ್ತು ದುಡಿದವರು ಓದಿನಲ್ಲಿ ಹಿಂದುಳಿದದ್ದು ಹೆಚ್ಚು. ಆದರೆ ಇಲ್ಲಿಯೂ ಒಂದು ತೊಡಕಿದೆ. ಬಹಳ ಹೊತ್ತು ದುಡಿಯುವವನಿಗೆ ಮೊದಲಿನಿಂದಲೇ ಓದು ಬೇಡವಾಗಿತ್ತೋ, ದುಡಿಮೆಯಿಂದ ಓದು ಕೆಟ್ಟಿತೋ ಹೇಳುವುದು ಕಷ್ಟ.

ಈ ತೊಡಕನ್ನು ಬಿಡಿಸಿದ್ದು ದಕ್ಷಿಣ ಅಮೆರಿಕದ ಉರುಗ್ವೆ ದೇಶ. ಅಲ್ಲಿ ಓದುತ್ತಿರುವ ಹದಿನಾರರಿಂದ ಇಪ್ಪತ್ತರ ವಯಸ್ಸಿನವರಿಗೆ ಸರಕಾರಿ ಉದ್ಯಮಗಳಲ್ಲಿ ಒಂದು ವರ್ಷದ ಮಟ್ಟಿಗೆ ಅರೆವೇಳೆಯ ಕೆಲಸ ಕೊಡುವ ಯೋಜನೆಯಿದೆ. ಕೆಲಸ ಬಹುಮಟ್ಟಿಗೆ ನಮ್ಮಂಥ ಗುಮಾಸ್ತರದೇ. ಅರ್ಜಿ ಹಾಕಿದವರು ತೊಂಬತ್ತು ಸಾವಿರಕ್ಕೂ ಹೆಚ್ಚು. ಆದ್ದರಿಂದ ಚೀಟಿ ಎತ್ತಿ ಆರಿಸಿದರು. ಚೀಟಿ ಬಂದವನಿಗೂ ಬಾರದವನಿಗೂ ಅದೃಷ್ಟದ ಹೊರತು ಭೇದವಿಲ್ಲವಾದ್ದರಿಂದ ಹೋಲಿಕೆ ನ್ಯಾಯವಾಯಿತು. ಮುಂದಿನ ನಾಲ್ಕು ವರ್ಷಗಳಲ್ಲಿ ಕೆಲಸ ಸಿಕ್ಕವರ ಸಂಪಾದನೆಯೂ ಹೆಚ್ಚಾಯಿತು, ಅವರಲ್ಲಿ ಓದು ಮುಂದುವರಿಸಿದವರೂ ಹೆಚ್ಚಾದರು. ಕಾರಣವೇನು? ಓದುತ್ತಿರುವುದು ಆ ಯೋಜನೆಯ ಕರಾರು. ಮಕ್ಕಳು ದುಡಿಮೆಗೆ ಬೇಕಾದ ಹೊತ್ತನ್ನು ಓದಿನಿಂದ ಕದಿಯದೆ, ಆಟಪಾಟದಿಂದಲೂ ಮನೆಗೆಲಸದಿಂದಲೂ ತೆಗೆದುಕೊಂಡರು.

ಈ ಕೊನೆಯ ಮಾತನ್ನು ಹೆಣ್ಣುಮಕ್ಕಳ ತಾಯಂದಿರು ವಿಶೇಷವಾಗಿ ಗಮನಿಸಬೇಕು. ಕೆಲಸಕ್ಕೆ ಹೋಗಿ ಬಂದ ಮಗನಿಗೆ ಕಾಫಿ ಕೊಟ್ಟು, ಮಗಳಿಗೆ ಮಾತ್ರ ಹಿಟ್ಟು ಕಲಸಲು ಹೇಳುವುದು ನಮ್ಮಲ್ಲಿ ಇನ್ನೂ ಹೋಗಿಲ್ಲ. ಅಂಥ ಮನೆಯಲ್ಲಿ ದುಡಿಮೆಯ ಹೊತ್ತು ಮಗಳ ಓದಿನಿಂದಲೇ ಕಳೆಯುತ್ತದೆ.

ಕಾಯಿದೆಯ ಮಾತನ್ನೂ ತಿಳಿದಿರಬೇಕು. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮನೆತನದ ಉದ್ಯೋಗಕ್ಕೆ ನೆರವಾಗುವುದು, ಬಾಲಕಲಾವಿದರ ಕೆಲಸ, ಇವೆರಡಕ್ಕೆ ಮಾತ್ರ ಷರತ್ತಿನ ಮೇಲೆ ವಿನಾಯಿತಿ. ಹದಿನಾಲ್ಕರಿಂದ ಹದಿನೆಂಟರೊಳಗಿನವರನ್ನು ಅಪಾಯದ ಕೆಲಸಗಳಿಗೆ ಹಚ್ಚುವಂತಿಲ್ಲ. ಉಳಿದೆಡೆ ವಿರಾಮವೂ ಸೇರಿ ದಿನಕ್ಕೆ ಆರು ತಾಸು ಮೀರಬಾರದು. ಸಂಜೆ ಏಳರಿಂದ ಬೆಳಗಿನ ಎಂಟರವರೆಗೆ ದುಡಿಸಬಾರದು. “ನಮ್ಮವರ ಹೋಟೆಲೇ ತಾನೆ” ಎಂಬ ಸಲಿಗೆ ಇಲ್ಲಿ ನಡೆಯದು.

ಓದು ದುಡಿಮೆಗಳನ್ನು ಕೂಡಿಸಿದ ಹಿರಿಯರು ನಮ್ಮ ನೆರೆಯಲ್ಲಿಯೇ ಇದ್ದರು. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಕರ್ಮವೀರ ಭಾವೂರಾವ್ ಪಾಟೀಲರು ಬಡ ಮಕ್ಕಳಿಗೆ ‘ದುಡಿ, ಕಲಿ’ ಎಂಬ ದಾರಿ ತೋರಿದರು. ಅವರ ಹೆಸರಿನ ಯೋಜನೆ ಪುಣೆ ವಿಶ್ವವಿದ್ಯಾಲಯದಲ್ಲಿಯೂ ನಡೆದುಬಂದಿದೆ. ಅಲ್ಲಿ ದುಡಿಮೆ ಇರುವುದು ಓದಿಗಾಗಿ.

ಕಚೇರಿಯ ಕಡತಗಳ ನಡುವೆ ಬದುಕುವವನಾಗಿ ಒಂದು ಮಾತು ಹೇಳಬಲ್ಲೆ. ನಮ್ಮ ಗುಮಾಸ್ತಿಕೆಯಂಥ ಹುದ್ದೆಗೆ ನೋಡುವುದು ವಯಸ್ಸು, ಪರೀಕ್ಷೆ, ಅಂಕ. ರಜೆಯಲ್ಲಿ ಅಂಗಡಿಯಲ್ಲಿ ನಿಂತದ್ದಕ್ಕೆ ಅಂಕವಿಲ್ಲ. ಆದರೂ ಹತ್ತು ಜನರೊಡನೆ ಮಾತಾಡಿ ಬಂದ ಹುಡುಗ ಅಪರಿಚಿತರ ಮುಂದೆ ಬೆವರುವುದಿಲ್ಲ; ಹೊತ್ತಿಗೆ ಸರಿಯಾಗಿ ಹೋಗುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿಲ್ಲ. ಖಾಸಗಿ ಕೆಲಸಗಳಲ್ಲಂತೂ ಇದಕ್ಕೆ ಬೆಲೆಯಿದೆ.

ಆದ್ದರಿಂದ ಮಕ್ಕಳನ್ನು ಕಳಿಸುವ ಮುನ್ನ ಮೂರು ಪ್ರಶ್ನೆ ಕೇಳೋಣ. ಎಷ್ಟು ಹೊತ್ತು? ಏನು ಕಲಿಯುವುದುಂಟು? ಶಾಲೆ ಆರಂಭವಾದೊಡನೆ ಬಿಡಿಸಿಕೊಳ್ಳಬಹುದೆ? ಬಂದ ಹಣವನ್ನು ಮಗುವಿನ ಹೆಸರಿನ ಖಾತೆಗೆ ಹಾಕಿ, ಲೆಕ್ಕವನ್ನು ಅವರಿಂದಲೇ ಬರೆಸೋಣ. ಕೆಲಸ ಕೊಟ್ಟವರಿಂದ ದಿನಾಂಕ ಹಾಕಿದ ಒಂದು ಪತ್ರ ಪಡೆಯೋಣ. ಸಂಘಗಳ ಸದಸ್ಯರಲ್ಲಿ ಅಂಗಡಿ, ಮುದ್ರಣಾಲಯ, ಔಷಧದ ಮಳಿಗೆ ನಡೆಸುವವರಿದ್ದಾರೆ. ಕಾಯಿದೆಯ ಮಿತಿಯಲ್ಲಿ ವರ್ಷಕ್ಕೆ ಒಬ್ಬಿಬ್ಬರು ವಿದ್ಯಾರ್ಥಿಗಳಿಗೆ ರಜೆಯ ಕೆಲಸ ಕೊಡುವುದಾಗಿ ಅವರು ಮುಂದೆ ಬಂದರೆ ಎಷ್ಟೋ ಮನೆಗಳ ಚಿಂತೆ ಕಳೆದೀತು. ಹಿಂದಿನವರು ದುಡಿಯುವ ಹುಡುಗರಿಗಾಗಿ ರಾತ್ರಿಶಾಲೆ ತೆರೆದರು. ಓದುವ ಹುಡುಗರಿಗೆ ದುಡಿಮೆಯ ಪಾಠವನ್ನು ಮರ್ಯಾದೆಯಿಂದ ಕಲಿಸುವುದು ನಮ್ಮ ಪಾಲಿಗೆ ಬಂದಿರುವ ಕೆಲಸ.