ಶೋಳಿಂಗನಲ್ಲೂರಿನ ಬಾನಿನಲ್ಲಿ ಉಲ್ಕಾದರ್ಶನ

ಚೆನ್ನೈ ನಗರದ ದಕ್ಷಿಣದಂಚಿನ ಶೋಳಿಂಗನಲ್ಲೂರು ಇಂದು ಗಾಜಿನ ಗೋಡೆಗಳ ಕಚೇರಿಗಳಿಂದ ಹೆಸರಾಗಿದೆ. ಉದ್ಯೋಗನಿಮಿತ್ತವಾಗಿ ಕನ್ನಡ ನಾಡನ್ನು ಬಿಟ್ಟು ಬಂದ ಅನೇಕ ಕುಟುಂಬಗಳು ಹಳೆಯ ಮಹಾಬಲಿಪುರಂ ರಸ್ತೆಯ ಆಸುಪಾಸಿನಲ್ಲಿ ನೆಲಸಿವೆ. ಊರಿನ ಮೂಡಲಿಗೆ ಬಕಿಂಗ್‌ಹ್ಯಾಂ ಕಾಲುವೆ. ಅದರಾಚೆಗೆ ಒಂದು ಕಿರಿದಾದ ಮರಳು ನೆಲ. ಬಳಿಕ ಬಂಗಾಳ ಕೊಲ್ಲಿ. ಬೀದಿದೀಪಗಳ ಹಾವಳಿಯಿಂದ ತಾರೆಗಳೆಲ್ಲ ಮಂಕಾಗಿರುವ ಈ ನಗರದಲ್ಲಿ ಕಡಲ ಕಡೆಯ ಬಾನು ಮಾತ್ರ ಒಂದಿಷ್ಟು ಕತ್ತಲೆಯನ್ನು ಉಳಿಸಿಕೊಂಡಿದೆ.

ಆದರೆ ಅತ್ಯುಜ್ಜ್ವಲವಾದ ಉಲ್ಕೆಗೆ ನಗರದ ದೀಪಗಳು ಅಡ್ಡಿಯಲ್ಲ. ಶುಕ್ರಗ್ರಹವನ್ನೂ ಮೀರಿ ಬೆಳಗುವ ಉಲ್ಕೆಯನ್ನು ಖಗೋಳಜ್ಞರು ಅಗ್ನಿಗೋಲವೆಂದು ಕರೆಯುತ್ತಾರೆ. ಅಂಥದೊಂದು ಕಾಣಿಸಿಕೊಂಡಾಗ ಮನೆಯ ಗೋಡೆಗಳ ಮೇಲೆ ನೆರಳು ಓಡಬಹುದು. ಹಸುರು ಅಥವಾ ಕಿತ್ತಳೆ ಬಣ್ಣದ ಛಾಯೆ ಮೂಡಬಹುದು. ಕೆಲವು ಕ್ಷಣಗಳಲ್ಲಿ ಎಲ್ಲವೂ ಮುಗಿದು ಹೋಗುತ್ತದೆ. ನೋಡಿದವರು ಮರುದಿನ ಹೇಳುವ ಮಾತು ಬಹುಮಟ್ಟಿಗೆ ಒಂದೇ: ಅದು ಎದುರಿನ ಕಟ್ಟಡದ ಹಿಂದೆಯೇ ಬಿತ್ತು, ಇಲ್ಲವೆ ಸಮುದ್ರದೊಳಕ್ಕೆ ಬಿತ್ತು. ಹೇಳುವವರ ಪ್ರಾಮಾಣಿಕತೆಯಲ್ಲಿ ಸಂಶಯವಿಲ್ಲ. ಆದರೆ ಹೇಳಿದ್ದು ಹೆಚ್ಚುಕಡಮೆ ಯಾವಾಗಲೂ ತಪ್ಪು.

ಸೂರ್ಯನನ್ನು ಸುತ್ತುತ್ತಿರುವ ಕಲ್ಲಿನ ಚೂರೊಂದು ಸೆಕೆಂಡಿಗೆ 11ರಿಂದ 72 ಕಿಲೋಮೀಟರ್ ವೇಗದಲ್ಲಿ ಭೂಮಿಯ ವಾಯುಮಂಡಲವನ್ನು ಹೊಕ್ಕಾಗ, ಅದರ ಮುಂದಿನ ಗಾಳಿ ಒತ್ತಿ ಕಾದು, ಕಲ್ಲಿನ ಮೈ ಆವಿಯಾಗಿ ಬೆಳಗುತ್ತದೆ. ಸಾಮಾನ್ಯ ಉಲ್ಕೆ ಬೆಳಗುವುದು ನೆಲದಿಂದ 80ರಿಂದ 100 ಕಿಲೋಮೀಟರ್ ಎತ್ತರದಲ್ಲಿ. ಭಾರಿಯಾದ ಕಲ್ಲು ಇನ್ನೂ ಕೆಳಕ್ಕೆ ಬರುತ್ತದೆಯಾದರೂ ಸುಮಾರು 20 ಕಿಲೋಮೀಟರ್ ಎತ್ತರಕ್ಕೆ ಬರುವಷ್ಟರಲ್ಲಿ ಅದರ ವೇಗ ಕುಂದಿ, ಬೆಳಕು ಆರಿರುತ್ತದೆ. ಅಲ್ಲಿಂದ ಮುಂದೆ ಅದು ಕತ್ತಲೆಯಲ್ಲಿ ಬೀಳುವ ಬರಿಯ ಕಲ್ಲು. ಉರಿಯುತ್ತ ನೆಲ ಮುಟ್ಟಿದ್ದನ್ನು ಕಂಡೆನೆನ್ನುವವನು ವಾಸ್ತವವಾಗಿ ಕಂಡದ್ದು, ನೂರಾರು ಕಿಲೋಮೀಟರ್ ದೂರದ ಬೆಳಕು ದಿಗಂತದ ಕಟ್ಟಡದ ಮರೆಗೆ ಸರಿದದ್ದನ್ನು.

ಇದನ್ನು ನಿಶ್ಚಯಿಸುವ ಉಪಾಯ ಬಹಳ ಸರಳ. 1798ರಲ್ಲಿ ಜರ್ಮನಿಯ ಗಟ್ಟಿಂಗೆನ್ನಿನಲ್ಲಿ ಬ್ರಾಂಡೆಸ್ ಮತ್ತು ಬೆನ್‌ಜೆನ್‌ಬರ್ಗ್ ಎಂಬ ಇಬ್ಬರು ವಿದ್ಯಾರ್ಥಿಗಳು ಬೇರೆ ಬೇರೆ ಸ್ಥಳಗಳಲ್ಲಿ ಕುಳಿತು, ಒಂದೇ ಉಲ್ಕೆ ತಮ್ಮ ತಮ್ಮ ಬಾನಿನಲ್ಲಿ ಎಲ್ಲಿ ಕಂಡಿತೆಂಬುದನ್ನು ಗುರುತು ಹಾಕಿಕೊಂಡರು. ಎರಡು ದಿಕ್ಕುಗಳೂ ನಡುವಿನ ದೂರವೂ ತಿಳಿದ ಮೇಲೆ ಎತ್ತರವನ್ನು ಕಂಡುಹಿಡಿಯಲು ತ್ರಿಕೋನಗಣಿತವೇ ಸಾಕಾಯಿತು.

ವಲಸೆ ಬಂದ ಕನ್ನಡಿಗನಿಗೆ ಈ ಉಪಾಯ ವಿಶೇಷವಾಗಿ ಒದಗಿಬರುತ್ತದೆ. ಶೋಳಿಂಗನಲ್ಲೂರೂ ಬೆಂಗಳೂರೂ ಬಹುತೇಕ ಒಂದೇ ಅಕ್ಷಾಂಶದಲ್ಲಿವೆ; ಬೆಂಗಳೂರಿಗಿಂತ ಸುಮಾರು ಹತ್ತು ನಿಮಿಷ ಮೊದಲು ಅದೇ ತಾರೆಗಳು ಇಲ್ಲಿ ಮೂಡುತ್ತವೆ, ಅಷ್ಟೇ ವ್ಯತ್ಯಾಸ. ಇವೆರಡರ ನಡುದಾರಿಯಲ್ಲಿರುವುದು ಗುಡಿಯಾತ್ತಂ. ಅದರ ನೆತ್ತಿಯ ಮೇಲೆ 80 ಕಿಲೋಮೀಟರ್ ಎತ್ತರದಲ್ಲಿ ಒಂದು ಅಗ್ನಿಗೋಲ ಬೆಳಗಿತೆನ್ನೋಣ. ಶೋಳಿಂಗನಲ್ಲೂರಿನವನಿಗೆ ಅದು ಪಡುವಣದಲ್ಲಿ, ದಿಗಂತದಿಂದ 30 ಅಂಶಕ್ಕೆ ತುಸು ಕೆಳಗೆ ಕಾಣುತ್ತದೆ. ಬೆಂಗಳೂರಿನಲ್ಲಿರುವ ಅವನ ತಮ್ಮನಿಗೆ ಮೂಡಣದಲ್ಲಿ, ಹೆಚ್ಚುಕಡಮೆ ಅಷ್ಟೇ ಎತ್ತರದಲ್ಲಿ. ಇಬ್ಬರಿಗೂ ಅದು ಪಕ್ಕದ ಬಡಾವಣೆಯಲ್ಲೇ ಬಿದ್ದಂತೆ ತೋರುತ್ತದೆ. ಇಬ್ಬರೂ ದೂರವಾಣಿಯಲ್ಲಿ ಮಾತನಾಡಿಕೊಂಡರೆ ಮಾತ್ರ ನಿಜ ಹೊರಬೀಳುತ್ತದೆ. ಅದು ಗುಡುಗಿದ್ದರೆ, ಆ ಸದ್ದು ಅವರ ಕಿವಿಗೆ ಬೀಳಲು ಸುಮಾರು ಒಂಬತ್ತು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ಕಿವಿಗೊಟ್ಟು ಕಾಯುವವರು ವಿರಳ.

ಪ್ರಾಚೀನರು ಉಲ್ಕೆಯನ್ನು ಬೇರೆ ಬಗೆಯಲ್ಲಿ ಓದಿದರು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಉಲ್ಕಾಲಕ್ಷಣಕ್ಕಾಗಿಯೇ ಒಂದು ಅಧ್ಯಾಯವಿದೆ. ಸ್ವರ್ಗದಲ್ಲಿ ಪುಣ್ಯಫಲವನ್ನು ಉಂಡು ತೀರಿಸಿ ಕೆಳಗೆ ಬೀಳುವವರ ರೂಪಗಳೇ ಉಲ್ಕೆಗಳೆಂದು ಹೇಳಿ, ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದು ಬಗೆಗಳನ್ನು ಅವನು ಎಣಿಸುತ್ತಾನೆ. ಫಲಜ್ಯೋತಿಷದ ಮಾತು ಹಾಗಿರಲಿ, ರೂಪಭೇದವನ್ನು ಕಣ್ಣಿಟ್ಟು ನೋಡಿದ ಶ್ರಮವಂತೂ ಅಲ್ಲಿ ಸ್ಪಷ್ಟವಾಗಿದೆ. ತಮಿಳಿನ ಪುರನಾನೂರಿನ 229ನೆಯ ಪದ್ಯ ಇದಕ್ಕಿಂತ ಮನಮುಟ್ಟುವಂಥದು. ಪಂಗುನಿ ತಿಂಗಳ ನಡುರಾತ್ರಿ ಒಂದು ತಾರೆ ಬಿದ್ದುದನ್ನು ಕಂಡ ಕೂಡಲೂರ್ ಕಿಳಾರ್, ತನ್ನ ಚೇರ ಅರಸನಿಗೆ ಕೇಡಾಗದಿರಲೆಂದು ಹಾರೈಸುತ್ತಾನೆ. ಏಳನೆಯ ದಿನ ಅರಸನು ತೀರಿಕೊಳ್ಳುತ್ತಾನೆ. ಕವಿ ತಿಂಗಳನ್ನೂ ಹೊತ್ತನ್ನೂ ತಾರೆಗಳ ನೆಲೆಯನ್ನೂ ಹೇಳಿಯೇ ಮುಂದುವರಿಯುತ್ತಾನೆಂಬುದು ಗಮನಾರ್ಹ.

ಮದರಾಸಿನ ಉಲ್ಕಾಸಂಬಂಧ ಇನ್ನೊಂದು ಪ್ರಸಂಗದಲ್ಲಿ ಜಗತ್ಪ್ರಸಿದ್ಧವಾಯಿತು. ನುಂಗಂಬಾಕ್ಕಂನಲ್ಲಿ ಈಸ್ಟ್ ಇಂಡಿಯಾ ಕಂಪನಿ 1792ರಲ್ಲಿ ಕಟ್ಟಿಸಿದ ವೀಕ್ಷಣಾಲಯದಲ್ಲಿ 1861ರಿಂದ ನಾರ್ಮನ್ ಪಾಗ್ಸನ್ ಸರ್ಕಾರಿ ಖಗೋಳಜ್ಞನಾಗಿದ್ದನು. 1872ರ ನವೆಂಬರ್ 27ರಂದು ಯೂರೋಪಿನಲ್ಲಿ ಉಲ್ಕೆಗಳ ದೊಡ್ಡ ಮಳೆಯೇ ಸುರಿಯಿತು. ಬೀಲಾ ಎಂಬ ಧೂಮಕೇತು 1846ರಲ್ಲಿ ಎರಡಾಗಿ ಒಡೆದು, 1852ರ ಬಳಿಕ ಕಣ್ಮರೆಯಾಗಿತ್ತು. ಅದರ ಪುಡಿಯೇ ಈ ಮಳೆ. ಧೂಮಕೇತುವೇ ಭೂಮಿಯನ್ನು ಸವರಿ ಹೋಗಿದೆಯೆಂದು ಭಾವಿಸಿದ ಗಟ್ಟಿಂಗೆನ್ನಿನ ಕ್ಲಿಂಕರ್‌ಫ್ಯೂಸ್, ಉಲ್ಕೆಗಳು ಬಂದ ದಿಕ್ಕಿಗೆ ನೇರ ಎದುರಾದ ದಕ್ಷಿಣದ ಬಾನಿನಲ್ಲಿ, ಸೆಂಟಾರಸ್ ರಾಶಿಯ ಥೀಟಾ ತಾರೆಯ ಬಳಿ ಹುಡುಕುವಂತೆ ನವೆಂಬರ್ 30ರಂದು ಪಾಗ್ಸನ್ನನಿಗೆ ತಂತಿ ಕಳುಹಿಸಿದನು. ಆ ಭಾಗ ಜರ್ಮನಿಗೆ ಕಾಣುವಂಥದಲ್ಲ, ಮದರಾಸಿಗೆ ಕಾಣುತ್ತದೆ. ಆದರೆ ಅದು ಈಶಾನ್ಯ ಮಳೆಗಾಲ. ಮೋಡ ಕವಿದಿತ್ತು. ಡಿಸೆಂಬರ್ ಆರಂಭದಲ್ಲಿ ಮೋಡ ಹರಿದಾಗ, ಹೇಳಿದ ಸ್ಥಳಕ್ಕೆ ಸಮೀಪದಲ್ಲೇ ಪಾಗ್ಸನ್ನನಿಗೆ ಒಂದು ಧೂಮಕೇತು ಕಾಣಿಸಿತು! ಎರಡು ಬೆಳಗು ಅದನ್ನು ಅಳೆದನು. ಮತ್ತೆ ಮೋಡ. ಕಕ್ಷೆಯನ್ನು ಗಣಿಸಲು ಮೂರು ವೀಕ್ಷಣೆಗಳಾದರೂ ಬೇಕು, ದೊರೆತವು ಎರಡೇ. ಅದು ಬೀಲಾ ಧೂಮಕೇತುವಾಗಿರಲು ಸಾಧ್ಯವಿಲ್ಲವೆಂದು ಅನಂತರದ ಗಣಿತ ತೋರಿಸಿತು. ತಪ್ಪು ಊಹೆಯ ಮೇಲೆ ಕಳುಹಿಸಿದ ತಂತಿಯಿಂದ ಬೇರೊಂದು ಧೂಮಕೇತು ದೊರೆತದ್ದು ಖಗೋಳಚರಿತ್ರೆಯ ವಿನೋದಗಳಲ್ಲೊಂದು. ಈ ವೀಕ್ಷಣಾಲಯದ ಕಾರ್ಯ 1899ರಲ್ಲಿ ಕೊಡೈಕನಾಲಿಗೆ ಹೋಯಿತು. ಅದೇ ಪರಂಪರೆ ಇಂದು ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯಲ್ಲಿ ಮುಂದುವರಿದಿದೆ.

ಮದರಾಸಿನ ಮೋಡ ಇಂದಿಗೂ ಹಾಗೆಯೇ ಇದೆ. ನವೆಂಬರಿನ ಸಿಂಹರಾಶಿಯ ಉಲ್ಕೆಗಳನ್ನೂ ಡಿಸೆಂಬರ್ 14ರ ಸುಮಾರಿನ ಮಿಥುನದ ಉಲ್ಕೆಗಳನ್ನೂ ಅದು ಅನೇಕ ವೇಳೆ ನುಂಗಿಬಿಡುತ್ತದೆ. ಬಿಡಿಯಾದ ಅಗ್ನಿಗೋಲಗಳಿಗೆ ಕಾಲನಿಯಮವಿಲ್ಲವೆಂಬುದೇ ಇಲ್ಲಿಯವರಿಗೆ ಸಮಾಧಾನ.

ಬೆಳಗುವುದೆಲ್ಲ ಉಲ್ಕೆಯಲ್ಲವೆಂಬುದನ್ನೂ ಹೇಳಬೇಕು. ಶೋಳಿಂಗನಲ್ಲೂರಿಗೆ ನೇರ ಉತ್ತರದಲ್ಲಿ, ಸುಮಾರು 90 ಕಿಲೋಮೀಟರ್ ದೂರದಲ್ಲಿ ಶ್ರೀಹರಿಕೋಟೆಯಿದೆ. ಅಲ್ಲಿಂದ ಏರುವ ರಾಕೆಟ್ಟು ಇಲ್ಲಿಯ ಮಾಳಿಗೆಗಳಿಂದ ಕಾಣುತ್ತದೆ. ಅದು ನಿಧಾನವಾಗಿ ಮೇಲೇರುವುದರಿಂದ ಗುರುತು ಸುಲಭ. ಹಳೆಯ ರಾಕೆಟ್ಟಿನ ಭಾಗಗಳು ಮರಳಿ ಬೀಳುವಾಗ ಹೆಚ್ಚು ಮೋಸವಾಗುತ್ತದೆ. 2022ರ ಏಪ್ರಿಲ್ 2ರಂದು ಮಹಾರಾಷ್ಟ್ರ, ಮಧ್ಯಪ್ರದೇಶಗಳ ಜನ ಉಲ್ಕೆಯೆಂದು ಬೆರಗಾಗಿ ನೋಡಿದ್ದು ಚೀನೀ ರಾಕೆಟ್ಟಿನ ಅವಶೇಷವನ್ನು. ಚಂದ್ರಪುರ ಜಿಲ್ಲೆಯಲ್ಲಿ ಲೋಹದ ದೊಡ್ಡ ಬಳೆಯೊಂದು ಬಿದ್ದು ಸಿಕ್ಕಿತು. ಉಲ್ಕೆ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಇಂಥ ಅವಶೇಷ ಚೂರುಚೂರಾಗಿ ಸಾಲುಗಟ್ಟಿ, ಬಾನನ್ನು ದಾಟಲು ಒಂದು ನಿಮಿಷದಷ್ಟು ಕಾಲ ತೆಗೆದುಕೊಳ್ಳುತ್ತದೆ.

ಈ ವಿವೇಚನೆ ಕೇವಲ ಕುತೂಹಲದ್ದಲ್ಲವೆಂಬುದಕ್ಕೆ ಎರಡು ಘಟನೆಗಳನ್ನು ನೆನೆಯಬೇಕು. 2016ರ ಫೆಬ್ರುವರಿ 6ರಂದು, ಆಗಿನ ವೇಲೂರು ಜಿಲ್ಲೆಯ ನಾಟ್ರಂಪಳ್ಳಿಯ ಬಳಿ, ಕಾಲೇಜೊಂದರ ಆವರಣದಲ್ಲಿ ಸ್ಫೋಟವಾಗಿ ಒಬ್ಬ ಬಸ್ ಚಾಲಕನು ಮೃತನಾದನು. ಉಲ್ಕಾಶಿಲೆಯಿಂದಾದ ಸಾವೆಂದು ಸರ್ಕಾರವೇ ಪ್ರಕಟಿಸಿತು. ಸುದ್ದಿ ಲೋಕವೆಲ್ಲ ಹಬ್ಬಿತು. ಚಿತ್ರಗಳನ್ನು ನೋಡಿದ ನಾಸಾ ತಜ್ಞರು, ಇದು ನೆಲದ ಮೇಲಿನ ಸ್ಫೋಟದಂತಿದೆ ಎಂದರು. ಉಲ್ಕಾಶಿಲೆಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೆ ಸ್ಥಾನ ದೊರೆಯಲಿಲ್ಲ. ಬಾನಿನ ಮೇಲೆ ಹೊರೆ ಹೊರಿಸಿದರೆ ನೆಲದ ಮೇಲಿನ ಕಾರಣವನ್ನು ಹುಡುಕುವವರಿಲ್ಲವಾಗುತ್ತಾರೆ. ಸತ್ತವನ ಮನೆಯವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಅಲ್ಲಿಂದ ಬಹುದೂರವಲ್ಲದ, ಹೊಸೂರಿನ ಕಡೆಯ ಶೂಲಗಿರಿಯ ಕಥೆಯೇ ಬೇರೆ. 2008ರ ಸೆಪ್ಟೆಂಬರ್ 12ರ ಬೆಳಗ್ಗೆ ಅಲ್ಲಿ ನಿಜವಾಗಿಯೂ ಕಲ್ಲುಗಳು ಬಿದ್ದವು. ಒಟ್ಟು ತೂಕ ಸುಮಾರು 110 ಕಿಲೋಗ್ರಾಂ. ಪರೀಕ್ಷೆ ನಡೆದು, ವರ್ಗ ನಿಶ್ಚಯವಾಗಿ, ಊರಿನ ಹೆಸರಿನಿಂದಲೇ ಅದು ಪಟ್ಟಿಗೆ ಸೇರಿತು. ಅದೇ ಪಟ್ಟಿಯಲ್ಲಿ 1865ರ ಮದ್ದೂರು, 1866ರ ಉಡುಪಿಯ ಕಲ್ಲುಗಳೂ ಇವೆ. ಭಾರತದಲ್ಲಿ ಬಿದ್ದ ಉಲ್ಕಾಶಿಲೆಗಳ ಪಾಲಕ ಸಂಸ್ಥೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ. ಕಲ್ಲು ಸಿಕ್ಕವರು ಅವರಿಗೆ ತಿಳಿಸಬೇಕು.

ಗಾಜಿನ ಕಟ್ಟಡಗಳ ಈ ಊರಿಗೆ ಇನ್ನೊಂದು ಮಾತು ಅವಶ್ಯ. 2013ರ ಫೆಬ್ರುವರಿ 15ರಂದು ರಷ್ಯದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಸುಮಾರು 20 ಮೀಟರ್ ಅಗಲದ ಕಲ್ಲು ಸಿಡಿದಾಗ ಸುಮಾರು 1,500 ಜನ ಗಾಯಗೊಂಡರು. ಅವರಲ್ಲಿ ಹೆಚ್ಚಿನವರಿಗೆ ತಗುಲಿದ್ದು ಬಾನಿನ ಕಲ್ಲಲ್ಲ, ಕಿಟಕಿಯ ಗಾಜು. ಬೆಳಕನ್ನು ಕಂಡು ಜನ ಕಿಟಕಿಗೆ ಓಡಿದರು. ಎರಡು ನಿಮಿಷಕ್ಕೂ ಮಿಗಿಲಾದ ಬಳಿಕ ಬಂದ ಆಘಾತತರಂಗ ಗಾಜನ್ನು ಅವರ ಮುಖಕ್ಕೇ ಒಡೆಯಿತು. ಆದುದರಿಂದ ಹಗಲಿನಂಥ ಬೆಳಕು ಕಂಡರೆ, ಗಾಜಿನಿಂದ ಸರಿದು ನಿಂತು ಸೆಕೆಂಡುಗಳನ್ನು ಎಣಿಸುವುದು ಲೇಸು.

ಕಂಡವರು ಕೂಡಲೇ ಬರೆದಿಡಬೇಕಾದುದು ಸ್ವಲ್ಪವೇ: ಗಂಟೆ, ನಿಮಿಷ, ನಿಂತ ಸ್ಥಳ, ಬೆಳಕು ಎಲ್ಲಿ ಹುಟ್ಟಿ ಎಲ್ಲಿ ಆರಿತು, ಎಷ್ಟು ಕಾಲ ಇತ್ತು, ಸದ್ದು ಬಂದಿದ್ದರೆ ಎಷ್ಟು ತಡವಾಗಿ. ಚಾಚಿದ ಕೈಯ ಮುಷ್ಟಿ ಸುಮಾರು 10 ಅಂಶಗಳಷ್ಟಾಗುತ್ತದೆ. ಅಂತರರಾಷ್ಟ್ರೀಯ ಉಲ್ಕಾ ಸಂಘ ಇಂಥ ವರದಿಗಳನ್ನು ಯಾರಿಂದಲಾದರೂ ಸ್ವೀಕರಿಸುತ್ತದೆ. ದಿಕ್ಕಿನ ವಿಷಯದಲ್ಲಿ ನೆನಪನ್ನು ನಂಬುವುದಕ್ಕಿಂತ, ಬೆಳಕು ಯಾವ ನೀರಿನ ತೊಟ್ಟಿಯ ಮೇಲೆ, ಯಾವ ತೆಂಗಿನ ಮರದ ಎಡಕ್ಕೆ ಕಂಡಿತೆಂದು ಗುರುತಿಟ್ಟುಕೊಂಡು, ಮರುದಿನ ಹಗಲಿನಲ್ಲಿ ಅದೇ ಜಾಗದಲ್ಲಿ ನಿಂತು ದಿಕ್ಸೂಚಿಯಿಂದ ಅಳೆಯುವುದು ಉತ್ತಮ.