ಹಿಂದಿನ ಸೀಟಿನವನಿಗೆ ಯಾರು ದಿಕ್ಕು?

ಬೆಳಿಗ್ಗೆ ಏಳಕ್ಕೆ ಟ್ಯೂಷನ್. ಬಸ್ಸು ತಪ್ಪಿದೆ. ಗೆಳೆಯ ಬೈಕು ನಿಲ್ಲಿಸಿ ‘ಹತ್ತೋ ಬೇಗ’ ಎನ್ನುತ್ತಾನೆ. ಹತ್ತುವ ಹುಡುಗ ಹೆಲ್ಮೆಟ್ ಹಾಕಿಕೊಂಡರೆ ಅದೇ ಹೆಚ್ಚು. ಬೈಕಿಗೆ ವಿಮೆ ಇದೆಯೇ ಎಂದು ಯಾರು ಕೇಳುತ್ತಾರೆ? ತಿರುವಿನಲ್ಲಿ ಎದುರಿನಿಂದ ಬಂದ ವ್ಯಾನು ಡಿಕ್ಕಿ ಹೊಡೆದು ತೊಡೆಮೂಳೆ ಮುರಿದ ಮೇಲೆ ಆಸ್ಪತ್ರೆಯ ಬಿಲ್ಲಿನ ಜತೆಗೇ ಆ ಪ್ರಶ್ನೆ ಬರುತ್ತದೆ. ವ್ಯಾನಿಗೂ ವಿಮೆ ಇಲ್ಲ ಎಂದು ಗೊತ್ತಾದಾಗಲಂತೂ ಹೆತ್ತವರಿಗೆ ಕೈಕಾಲೇ ಆಡುವುದಿಲ್ಲ.

ಹಿಂದೆ ಕೂತವನದು ಸಾಮಾನ್ಯವಾಗಿ ಯಾವ ತಪ್ಪೂ ಇರುವುದಿಲ್ಲ. ಪರಿಹಾರ ಕೇಳುವ ಹಕ್ಕು ಅವನಿಗಿದೆ. ಆದರೆ ಹಕ್ಕಿರುವುದು ಬೇರೆ, ಹಣ ಕೈಸೇರುವುದು ಬೇರೆ.

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಥರ್ಡ್ ಪಾರ್ಟಿ ವಿಮೆ ಇಲ್ಲದೆ ವಾಹನವನ್ನು ರಸ್ತೆಗಿಳಿಸುವಂತಿಲ್ಲ. ಇಳಿಸಿ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ. ಆ ದಂಡ ಸರ್ಕಾರಕ್ಕೆ ಹೋಗುತ್ತದೆ, ಗಾಯಾಳುವಿಗಲ್ಲ. ಗಾಯಾಳು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು. ವಿಮೆ ಇಲ್ಲದಿದ್ದರೆ ಚಾಲಕ ಮತ್ತು ಮಾಲೀಕರೇ ಹಣ ಕೊಡಬೇಕೆಂದು ಆದೇಶವಾಗುತ್ತದೆ. ಅವರು ಕೊಡದಿದ್ದರೆ ಅಮಲ್ಜಾರಿ ಅರ್ಜಿ, ಆಸ್ತಿಯ ಹುಡುಕಾಟ. ಮಾಲೀಕನಿಗೆ ಆ ವ್ಯಾನು ಬಿಟ್ಟು ಬೇರೇನೂ ಇಲ್ಲದಿದ್ದರೆ?

ಠಾಣೆಯ ಅಂಗಳದಲ್ಲಿ ನಿಂತ ಜಖಂ ವಾಹನಕ್ಕೆ ಬೆಲೆ ಬರುವುದು ಇಲ್ಲಿ. ವಿಮೆಯಿಲ್ಲದ ವಾಹನ ಅಪಘಾತ ಮಾಡಿದರೆ ಮಾಲೀಕ ಸಾಕಷ್ಟು ಭದ್ರತೆ ಕೊಡುವವರೆಗೆ ಅದನ್ನು ಬಿಡಬಾರದು, ಮೂರು ತಿಂಗಳೊಳಗೆ ಕೊಡದಿದ್ದರೆ ಹರಾಜು ಹಾಕಿ ಹಣವನ್ನು ನ್ಯಾಯಮಂಡಳಿಯಲ್ಲಿ ಇಡಬೇಕು. ಇದಕ್ಕೆ ತಕ್ಕ ನಿಯಮ ಮಾಡಿಕೊಳ್ಳಿ ಎಂದು 2018ರಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಿತು. ಗಾಯಾಳುವಿನ ಮನೆಯವರು ಆಸ್ಪತ್ರೆಯ ಓಡಾಟದಲ್ಲಿ ಇದನ್ನು ಗಮನಿಸುವುದಿಲ್ಲ. ಮನೆಯವರಲ್ಲಿ ಒಬ್ಬರಾದರೂ ಮೊದಲ ವಾರದಲ್ಲೇ ಠಾಣೆಗೆ ಹೋಗಿ, ವಾಹನಕ್ಕೆ ವಿಮೆ ಇದೆಯೇ ಎಂದು ವಿಚಾರಿಸಿ, ಇಲ್ಲವಾದರೆ ಅದನ್ನು ಬಿಡಕೂಡದೆಂದು ವಕೀಲರ ಮೂಲಕ ಆಕ್ಷೇಪಣೆ ಹಾಕಬೇಕು. ‘ಆ ಗಾಡಿ ಮಾರಿ ವರ್ಷವಾಯಿತು’ ಎಂಬ ಮಾಲೀಕನ ಮಾತಿಗೂ ಹೆದರಬೇಕಿಲ್ಲ. ಆರ್.ಸಿ.ಯಲ್ಲಿ ಹೆಸರಿದ್ದವನೇ ಹೊಣೆ ಎಂದೂ ಅದೇ 2018ರಲ್ಲಿ ತೀರ್ಪಾಗಿದೆ.

ಇನ್ನು ಗೆಳೆಯನ ಬೈಕಿನ ಮಾತು. ಡಿಕ್ಕಿಯಲ್ಲಿ ಇಬ್ಬರು ಚಾಲಕರದೂ ತಪ್ಪಿದ್ದರೆ, ತಪ್ಪಿಲ್ಲದ ಗಾಯಾಳು ಇಬ್ಬರಲ್ಲಿ ಯಾರಿಂದಲಾದರೂ ಪೂರ್ತಿ ಪರಿಹಾರ ಪಡೆಯಬಹುದು ಎಂದು 2015ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವ್ಯಾನಿಗೆ ವಿಮೆ ಇಲ್ಲದಿದ್ದರೂ ಬೈಕಿನ ವಿಮಾ ಕಂಪನಿಯಿಂದ ಹಣ ಬರುವ ದಾರಿ ಇದು. ‘ಗೆಳೆಯನ ಮೇಲೆ ಕೇಸು ಹಾಕುವುದೇ?’ ಎಂದು ಮನೆಯವರು ಹಿಂಜರಿಯುತ್ತಾರೆ. ಸಂಕೋಚ ಸಹಜವೇ. ಆದರೆ ಪಾಲಿಸಿ ಸರಿಯಿದ್ದರೆ ಹಣ ಕೊಡುವುದು ಕಂಪನಿ, ಗೆಳೆಯನ ತಂದೆಯಲ್ಲ.

ಪಾಲಿಸಿ ಸರಿಯಿರಬೇಕು, ಅದೇ ತೊಡಕು. ಬೈಕಿಗೆ ಬರೀ ಥರ್ಡ್ ಪಾರ್ಟಿ ವಿಮೆಯಿದ್ದರೆ ಅದರ ಹಿಂಬದಿ ಸವಾರನಿಗೆ ಅದು ಅನ್ವಯಿಸುವುದಿಲ್ಲ ಎಂದು 2006ರಲ್ಲೇ ತೀರ್ಪಾಗಿದೆ. ರಸ್ತೆಯಲ್ಲಿ ನಡೆಯುವವನಿಗೆ ಸಿಗುವ ರಕ್ಷಣೆ ಸೀಟಿನ ಮೇಲೆ ಕೂತವನಿಗಿಲ್ಲ! ಇದು ವಿಚಿತ್ರವೇ ಸರಿ, ಆದರೂ ಕಾನೂನು. ಸಮಗ್ರ ಪಾಲಿಸಿಯಿದ್ದರೆ ಮಾತ್ರ ಹಿಂದೆ ಕೂತವನೂ ಸೇರುತ್ತಾನೆ. ಕಾಲೇಜಿನ ಹುಡುಗರ ಕೈಗೆ ಬರುವುದು ಹೆಚ್ಚಾಗಿ ಹಳೆಯ ಬೈಕು. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕೊಳ್ಳುವಾಗಲೇ ಸೇರಿಬರುತ್ತದೆ. ಆರನೆಯ ವರ್ಷ ಅದನ್ನು ನೆನಪಿಟ್ಟು ನವೀಕರಿಸಬೇಕು. ಅಣ್ಣನ ಬೈಕು ತಮ್ಮನಿಗೆ ಬರುವ ಹೊತ್ತೂ ಹೆಚ್ಚುಕಡಿಮೆ ಅದೇ.

ಚಿಕಿತ್ಸೆಗೆ ಮಾತ್ರ ಈಗ ಒಂದಿಷ್ಟು ಆಸರೆಯಿದೆ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತವಾದ ದಿನದಿಂದ ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಢಿಕ್ಕಿ ಹೊಡೆದ ವಾಹನ ಪತ್ತೆಯೇ ಆಗದಿದ್ದರೆ 2022ರ ಯೋಜನೆಯಂತೆ ತೀವ್ರ ಗಾಯಕ್ಕೆ 50,000, ಸಾವಿಗೆ ಎರಡು ಲಕ್ಷ ರೂಪಾಯಿ. ವಾಹನ ಸಿಕ್ಕಿ ವಿಮೆ ಇಲ್ಲದಿದ್ದರೆ ಈ ಎರಡನೆಯದು ಅನ್ವಯಿಸದು.

‘ಓದುವ ಹುಡುಗ, ದುಡಿಮೆಯೇ ಇಲ್ಲ, ಏನು ಪರಿಹಾರ ಸಿಕ್ಕೀತು?’ ಎಂದು ರಾಜಿಗೆ ಒಪ್ಪುವವರುಂಟು. ತಂದೆತಾಯಿಯ ಜತೆ ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದಾಗ ಲಾರಿ ಬಡಿದು ಪೂರ್ತಿ ಅಂಗವಿಕಲೆಯಾದ 12 ವರ್ಷದ ಬಾಲಕಿಯ ಪ್ರಕರಣದಲ್ಲಿ ಕೆಳಗಿನ ನ್ಯಾಯಾಲಯಗಳು ವರ್ಷಕ್ಕೆ 15,000 ರೂಪಾಯಿ ಆದಾಯವೆಂದು ಲೆಕ್ಕ ಹಾಕಿದ್ದವು. 2020ರಲ್ಲಿ ಸುಪ್ರೀಂ ಕೋರ್ಟು ನುರಿತ ಕೆಲಸಗಾರನ ಕನಿಷ್ಠ ಕೂಲಿಯನ್ನು ಆಧಾರವಾಗಿಟ್ಟು 62 ಲಕ್ಷಕ್ಕೂ ಮೀರಿದ ಪರಿಹಾರ ಕೊಟ್ಟಿತು.

2022ರ ಏಪ್ರಿಲ್‌ನಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮ ಬಂದಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಹೋದದ್ದುಂಟು. ಆ ಧೈರ್ಯದ ಮೇಲೆ ಕಾಯುವುದು ಬೇಡ. ಎಫ್.ಐ.ಆರ್. ಪ್ರತಿ, ಗಾಯದ ಪ್ರಮಾಣಪತ್ರ, ಔಷಧಿ ಅಂಗಡಿಯ ಪ್ರತಿಯೊಂದು ಚೀಟಿ, ಕಾಲೇಜಿನ ಹಾಜರಾತಿ ಪತ್ರ ಜೋಪಾನವಾಗಿರಲಿ. ಮಕ್ಕಳು ಮತ್ತು ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತ. ಕಚೇರಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ವಿಚಾರಿಸಬಹುದು.