ಹಾಸ್ಟೆಲ್ ಕೋಣೆಯ ಮೇಷ್ಟ್ರು

ಗೌರಿಬಿದನೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಬಂದರೆ ದೊಡ್ಡಬಳ್ಳಾಪುರ ದಾಟುವಷ್ಟರಲ್ಲೇ ಕಾಲು ಜೋಮು ಹಿಡಿಯುತ್ತದೆ. 1935ರಲ್ಲಿ ಆ ತಾಲ್ಲೂಕಿನ ಹೊಸೂರಿನ ಹುಡುಗನೊಬ್ಬ ಈ ದೂರವನ್ನು ನಡೆದೇ ಬಂದ. 80 ಕಿಲೋಮೀಟರಿಗೂ ಮಿಕ್ಕ ಹಾದಿ, ಎರಡು ದಿನದ ನಡಿಗೆ. ಚಾರ್ಜಿಗೆ ದುಡ್ಡಿರಲಿಲ್ಲ. ಕೂಲಿ ಮಾಡುವ ತಾಯಿ ತಂದುಕೊಡುವುದಾದರೂ ಎಲ್ಲಿಂದ? ಬೆಂಗಳೂರಿಗೆ ಹೋಗಿ ನ್ಯಾಷನಲ್ ಹೈಸ್ಕೂಲು ಸೇರಿಕೋ ಎಂದು ಹೆಡ್‌ಮಾಸ್ಟರ್ ಎಂ.ಎಸ್. ನಾರಾಯಣರಾಯರು ಹೇಳಿದ್ದರು. ಆ ಒಂದು ಮಾತನ್ನು ನಂಬಿ ಹುಡುಗ ಹೊರಟಿದ್ದ.

ಬಸವನಗುಡಿಯ ನ್ಯಾಷನಲ್ ಕಾಲೇಜಿನ ಪರಿಚಯ ಬರೆಯಲು ಕೂತವನಿಗೆ ಈ ನಡಿಗೆಯನ್ನು ಬಿಟ್ಟು ಮುಂದಕ್ಕೆ ಹೋಗಲು ಆಗುತ್ತಿಲ್ಲ. ಮೇಷ್ಟ್ರ ಮಾತಿಗೆ ಅಷ್ಟು ತೂಕವಿತ್ತು. ಹುಡುಗನ ಹೆಸರು ಎಚ್. ನರಸಿಂಹಯ್ಯ. ಆಮೇಲೆ ಊರಿಗೆಲ್ಲ ‘ಎಚ್ಚೆನ್’.

ಸಂಸ್ಥೆಯ ಚರಿತ್ರೆ ಸಣ್ಣದಾಗಿ ಹೇಳುವುದಾದರೆ, ಆನಿ ಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಪ್ರೇರಣೆಯಿಂದ 1917ರಲ್ಲಿ ಶುರುವಾದದ್ದು ಹೈಸ್ಕೂಲು. ಕಾಲೇಜು ಬಂದದ್ದು 1945ರಲ್ಲಿ. 1936ರಲ್ಲಿ ಗಾಂಧೀಜಿ ಹೈಸ್ಕೂಲಿಗೆ ಬಂದರು. ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದ್ದು ಇದೇ ನರಸಿಂಹಯ್ಯ. ಧೂಳುಗಾಲಲ್ಲಿ ಬಂದು ಇನ್ನೂ ಹೆಚ್ಚು ದಿನವಾಗದ ಹಳ್ಳಿ ಹುಡುಗನನ್ನು ಗಾಂಧಿಯ ಪಕ್ಕ ನಿಲ್ಲಿಸಿದರಲ್ಲ, ಆ ಮೇಷ್ಟ್ರುಗಳಿಗೆ ಕೈಮುಗಿಯಬೇಕು ಅನ್ನಿಸುತ್ತದೆ. ಹಿಂದಿನ ಬೆಂಚಿನಲ್ಲಿ ಮುದುಡಿ ಕೂತವನನ್ನು ಹೆಸರು ಹಿಡಿದು ಮುಂದಕ್ಕೆ ಕರೆಯುವುದಕ್ಕೂ ಧೈರ್ಯ ಬೇಕು.

ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡು, ನಿಂತ ಓದನ್ನು ಮುಗಿಸಿ, 1946ರಲ್ಲಿ ಎಚ್ಚೆನ್ ಅದೇ ನ್ಯಾಷನಲ್ ಕಾಲೇಜಿಗೆ ಭೌತಶಾಸ್ತ್ರದ ಮೇಷ್ಟ್ರಾದರು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಡಾಕ್ಟರೇಟ್ ಪಡೆದವರು ತಿರುಗಿ ಬಂದದ್ದೂ ಇಲ್ಲಿಗೇ. ಪ್ರಿನ್ಸಿಪಾಲರಾದರು. 1972ರಿಂದ 77ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಆಗಲೂ ಅವರ ವಾಸ ಕಾಲೇಜಿನ ಹಾಸ್ಟೆಲಿನಲ್ಲೇ, ವಿದ್ಯಾರ್ಥಿಗಳ ನಡುವೆ ಒಂದು ಕೋಣೆಯಲ್ಲಿ. ಮದುವೆಯಾಗಲಿಲ್ಲ, ಮನೆ ಮಾಡಲಿಲ್ಲ. ಪಂಚೆ, ಖಾದಿ ಜುಬ್ಬ, ತಲೆಗೆ ಗಾಂಧಿ ಟೋಪಿ.

ಹಳ್ಳಿಯಿಂದ ಟ್ರಂಕು ಹೊತ್ತು ಬಂದ ಹುಡುಗನ ಕಣ್ಣಲ್ಲಿ ಇದನ್ನು ನೋಡಬೇಕು. ಇಂಗ್ಲಿಷ್ ಪಾಠ ತಲೆಗೆ ಹತ್ತುತ್ತಿಲ್ಲ, ಫೀಸಿಗೆ ಊರಿಂದ ದುಡ್ಡು ಬಂದಿಲ್ಲ, ವಾಪಸ್ ಹೋಗಿಬಿಡೋಣವೇ ಎಂಬ ಯೋಚನೆ. ಅದೇ ಹೊತ್ತಿಗೆ ಅದೇ ವರಾಂಡದಲ್ಲಿ ಕುಲಪತಿಗಳು ನಡೆದು ಹೋಗುತ್ತಾರೆ. ಅವರೂ ತನ್ನಂತೆಯೇ ಏನೂ ಇಲ್ಲದೆ ಬಂದವರು ಎಂದು ಅವನಿಗೆ ಗೊತ್ತು. ನಾಯಕತ್ವದ ಬಗ್ಗೆ ಅವನಿಗೆ ಯಾರೂ ಭಾಷಣ ಮಾಡಬೇಕಾಗಿರಲಿಲ್ಲ.

ಯಾವುದನ್ನೂ ಪ್ರಶ್ನಿಸದೆ ಒಪ್ಪಿಕೊಳ್ಳಬೇಡಿ ಎನ್ನುವುದು ಅವರು ಹೋದಲ್ಲೆಲ್ಲ ಹೇಳುತ್ತಿದ್ದ ಮಾತು. ಕುಲಪತಿಯಾಗಿದ್ದಾಗಲೇ ಪವಾಡಗಳ ತನಿಖೆಗೆ ಸಮಿತಿ ಮಾಡಿ ದೊಡ್ಡವರ ಸಿಟ್ಟನ್ನೂ ಕಟ್ಟಿಕೊಂಡರು. 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಬುಧವಾರದ ಉಪನ್ಯಾಸಗಳಿಗೆ ಹೆಸರಾಯಿತು. ಆತ್ಮಕಥೆಗೆ ಅವರಿಟ್ಟ ಹೆಸರು ‘ಹೋರಾಟದ ಹಾದಿ’.

2005ರ ಜನವರಿ 31ರಂದು ಎಚ್ಚೆನ್ ತೀರಿಕೊಂಡರು. ಈಗ ಕಾಲೇಜಿನ ಹೆಸರಲ್ಲೇ ಮೆಟ್ರೊ ನಿಲ್ದಾಣವಿದೆ, ಬಸವನಗುಡಿಗೆ ನಡೆದು ಬರುವವರು ಕಡಿಮೆ. ಬಡ ಹುಡುಗರು ಮಾತ್ರ ಕಡಿಮೆಯಾಗಿಲ್ಲ. ನಮ್ಮ ಎಷ್ಟೋ ಕಾಲೇಜುಗಳಲ್ಲಿ ಕೊನೆಯ ಬೆಲ್ಲು ಹೊಡೆದರೆ ಮೇಷ್ಟ್ರು ಒಂದು ದಿಕ್ಕಿಗೆ, ಹುಡುಗರು ಇನ್ನೊಂದು ದಿಕ್ಕಿಗೆ. ಎಲ್ಲರೂ ಎಚ್ಚೆನ್ನರಂತೆ ಸಂಸಾರ ಬಿಟ್ಟಿರಲಿ ಎಂದು ಕೇಳಲಾಗದು. ವಾರಕ್ಕೊಂದು ಸಂಜೆ ಹಾಸ್ಟೆಲಿನ ಮೆಸ್ಸಿನಲ್ಲಿ ಹುಡುಗರ ಜೊತೆ ಊಟಕ್ಕೆ ಕೂರಿ ಎಂದಾದರೂ ಕೇಳಬಹುದಲ್ಲ.

ಅವರು ನಡೆದು ಬಂದ ಹಾದಿಯ ಆ ತುದಿಯಲ್ಲಿ, ಗೌರಿಬಿದನೂರಿನಲ್ಲೂ ಈಗ ನ್ಯಾಷನಲ್ ಕಾಲೇಜಿದೆ. ಬಾಗೇಪಲ್ಲಿಯಲ್ಲೂ ಇದೆ. ಹೊಸೂರಿನ ಹುಡುಗರು ಬೆಳಗ್ಗೆ ಕಾಲೇಜಿಗೆ ಹೋಗಿ ಸಂಜೆಗೆ ಮನೆ ಸೇರಬಹುದು.